ಬೇಲೂರಿನ ಮದನಿಕೆಯರ ಮುಂದೆ ಒಂದು ಭಾನುವಾರ: 2,400 ರೂಪಾಯಿಗೆ ಎಷ್ಟು ಕವಿತೆ ಸಿಕ್ಕಿತು?

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಅದರಲ್ಲಿ ಎರಡು ಹಾಡಿದ ಹುಡುಗನಿಗೆ, ಒಂದು ಬೇಲೂರಿನ ಗೈಡ್‌ಗೆ, ಮಿಕ್ಕ ಅರ್ಧ ಪ್ರವಾಸ ಏರ್ಪಡಿಸಿದವರಿಗೆ. ಅವರ ಹೆಸರು ಹಾಕುವುದಿಲ್ಲ. ಚಿಕ್ಕ ತಂಡ, ಆಸೆಯಿಂದ ಶುರು ಮಾಡಿದ್ದಾರೆ, ತಪ್ಪುಗಳನ್ನು ಅವರಿಗೇ ನೇರವಾಗಿ ಹೇಳಿದ್ದೇನೆ. ಇದು ಬರೀ ನಿಮಗೆ, ಅಂದರೆ ಇಂಥ "ಕಲೆ ಮತ್ತು ಕವಿತೆ" ಪ್ರವಾಸಕ್ಕೆ ದುಡ್ಡು ಕಟ್ಟೋಣವಾ ಬೇಡವಾ ಅಂತ ಫೋನ್ ಹಿಡಿದು ಕೂತಿರುವವರಿಗೆ.

ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ "ಎಕ್‌ಫ್ರಾಸಿಸ್ ಯಾತ್ರೆ" ಅಂತ ಇತ್ತು. ನಮ್ಮ ಅತ್ತೆ ಕನ್ನಡಕ ಏರಿಸಿ ಓದಿ, "ಇದೇನೇ, ಎಕ್ಸ್‌ರೇ ತೆಗೆಸೋಕೆ ಬೇಲೂರಿಗೆ ಹೋಗ್ಬೇಕಾ?" ಎಂದರು. ಗ್ರೀಕರ ಪದವಂತೆ. ಒಂದು ಚಿತ್ರವನ್ನೋ ಶಿಲ್ಪವನ್ನೋ ನೋಡಿ ಅದರ ಮೇಲೆ ಬರೆದ ಕವಿತೆ, ಅಷ್ಟೇ ಅದರ ಅರ್ಥ. ಅದನ್ನೇ ಕನ್ನಡದಲ್ಲಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತೋ ಗೊತ್ತಿಲ್ಲ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ಡಿವಿಜಿಯವರ ಅಂತಃಪುರ ಗೀತೆಗಳನ್ನು ಆಯಾ ಮದನಿಕೆಯ, ಅಂದರೆ ಗುಡಿಯ ಆ ಕಲ್ಲಿನ ಹೆಣ್ಣಿನ, ಮುಂದೆಯೇ ನಿಂತು ಹಾಡಲಾಗುವುದು. ಅದನ್ನು ಓದಿದ ಮೇಲೆ ಅತ್ತೆ ಮಾತಾಡಲಿಲ್ಲ, ಸೀದಾ ಹೋಗಿ ಸೀರೆ ಆರಿಸಿದರು. ಅವರು ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಭರತನಾಟ್ಯ ಕಲಿತವರು. "ಏನೀ ಮಹಾನಂದವೇ"ಗೆ ಸ್ಕೂಲ್ ಡೇಯಲ್ಲಿ ಕುಣಿದವರು. ಬೇಲೂರಿಗೆ ಹೋಗಿದ್ದು ಮಾತ್ರ ಒಂದೇ ಸಲ, ಅದೂ ಮದುವೆಯಾದ ಹೊಸದರಲ್ಲಿ ಹದಿನಾರು ಜನ ನೆಂಟರ ಜೊತೆ, ಒಂದು ಸುತ್ತು ಹಾಕಿ ಪ್ರಸಾದ ತಗೊಂಡು ವಾಪಸ್.

ತಲೆಗೆ 2,400 ರೂಪಾಯಿ. ಬಸ್ಸು, ತಿಂಡಿ, ಊಟ, ಗೈಡ್, ಒಂದು ಪುಟ್ಟ ಪುಸ್ತಿಕೆ, ಎಲ್ಲ ಸೇರಿ. ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ ಎಂದಿದ್ದರು. ಆರೂ ಇಪ್ಪತ್ತಕ್ಕೆ ಹೊರಟೆವು, ಯಾಕೆಂದರೆ ಯಾರೋ ಇಬ್ಬರು ಬೇರೆ ಮೆಟ್ರೋ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು, ಅವರಿಗೆ ಕಳಿಸಿದ ಮೆಸೇಜಿನಲ್ಲಿ ಜಾಗವೇ ತಪ್ಪಿತ್ತು. ಇಪ್ಪತ್ತೆರಡು ಜನ. ಬಸ್ಸು ಚೆನ್ನಾಗಿತ್ತು. ಬೆಳ್ಳೂರು ಕ್ರಾಸ್ ಹತ್ತಿರ ಇಡ್ಲಿ, ವಡೆ, ಕಾಫಿ, ಅದರ ಬಗ್ಗೆ ದೂರಿಲ್ಲ.

ದೂರು ಇರುವುದು ಪುಸ್ತಿಕೆಯ ಬಗ್ಗೆ. ಮುದ್ರಣ ಚಂದ, ಕಾಗದ ದಪ್ಪ. ಮೊದಲ ಆರು ಪುಟ ಪೂರ್ತಿ ಯುರೋಪು. ಇಂಗ್ಲಿಷ್ ಕವಿ ಕೀಟ್ಸ್ ಹೂಜಿ ನೋಡಿ ಬರೆದದ್ದು, ಇನ್ನೊಬ್ಬ ಇಂಗ್ಲಿಷ್ ಕವಿ ಆಡನ್ 1938ರಲ್ಲಿ ಬ್ರಸೆಲ್ಸ್‌ನ ಮ್ಯೂಸಿಯಮ್ಮಿನಲ್ಲಿ ಬ್ರೂಗೆಲ್ ಚಿತ್ರ ನೋಡಿ ಬರೆದದ್ದು. ಆಡನ್ನನ ಕವಿತೆ ನನಗೂ ಇಷ್ಟ. ಆಕಾಶದಿಂದ ಹುಡುಗನೊಬ್ಬ ಸಮುದ್ರಕ್ಕೆ ಬಿದ್ದು ಮುಳುಗುತ್ತಿದ್ದಾನೆ, ಚಿತ್ರದಲ್ಲಿ ಅವನ ಕಾಲು ಮಾತ್ರ ಮೂಲೆಯಲ್ಲಿ ಕಾಣುತ್ತದೆ, ಉಳುವವನು ತನ್ನ ಪಾಡಿಗೆ ಉಳುತ್ತಾನೆ. ಅದನ್ನು ಹೇಳಬೇಡಿ ಎನ್ನುತ್ತಿಲ್ಲ. ಆದರೆ ಇದನ್ನೆಲ್ಲ ಮೈಕಿನಲ್ಲಿ ಓದಿ ಹೇಳುತ್ತಿದ್ದಾಗ ಬಸ್ಸು ಎಲ್ಲಿತ್ತು ಗೊತ್ತಾ? ಹಿರೀಸಾವೆ ದಾಟಿ ಚನ್ನರಾಯಪಟ್ಟಣದ ಕಡೆ ಹೋಗುತ್ತಿತ್ತು. ಅಲ್ಲಿಂದ ಹತ್ತಿರದಲ್ಲೇ ಶ್ರವಣಬೆಳಗೊಳ.

ಶ್ರವಣಬೆಳಗೊಳದ ದೊಡ್ಡ ಬೆಟ್ಟದ ಮೇಲೆ, ಗೊಮ್ಮಟನ ಪಕ್ಕದಲ್ಲೇ, ಬೊಪ್ಪಣ ಪಂಡಿತ ಗೊಮ್ಮಟನನ್ನು ನೋಡಿ ಬರೆದ ಕನ್ನಡ ಕವಿತೆ ಕಲ್ಲಿನಲ್ಲೇ ಕೆತ್ತಿದೆ. 12ನೇ ಶತಮಾನದ್ದು. ಶಿಲ್ಪವೂ ಕಲ್ಲು, ಅದರ ಮೇಲಿನ ಕವಿತೆಯೂ ಕಲ್ಲು, ಎರಡೂ ಒಂದೇ ಬೆಟ್ಟದ ಮೇಲೆ. ಅವನು ಹೇಳುವ ರೀತಿ ನೋಡಿ. ತುಂಬಾ ಎತ್ತರ ಇದ್ದರೆ ಅದರಲ್ಲಿ ಚೆಲುವು ಇರುವುದಿಲ್ಲ. ಎತ್ತರವೂ ಚೆಲುವೂ ಎರಡೂ ಇದ್ದುಬಿಟ್ಟರೆ ಮಹಿಮೆ ಇರುವುದಿಲ್ಲ. ಇಲ್ಲಿ ಮಾತ್ರ ಮೂರೂ ಒಟ್ಟಿಗೆ ನಿಂತಿವೆ, ಇವನಿಗೆ ಇವನೇ ಹೋಲಿಕೆ. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಒಂದೊಂದೇ ಅಳಿಸುತ್ತಾ ಬಂದ ಹಾಗೆ. ಐವತ್ತೆಂಟು ಅಡಿಯ ಮೂರ್ತಿಯ ಕೆಳಗೆ ನಿಂತು ಬೆರಗಾಗಿ "ಅಬ್ಬಾ" ಅನ್ನುವ ಬದಲು, ಯಾಕೆ "ಅಬ್ಬಾ" ಅನ್ನಿಸಿತು ಅಂತ ಯೋಚಿಸಿದ ಮನುಷ್ಯ ಅವನು. ಇವನ ಹೆಸರು ಪುಸ್ತಿಕೆಯಲ್ಲಿ ಎಲ್ಲೂ ಇಲ್ಲ. ಬೆಟ್ಟ ಹತ್ತಿಸಿ ಅನ್ನಲಿಲ್ಲ ನಾನು, ಅತ್ತೆಯ ಮಂಡಿಗೆ ಅದು ಆಗದ ಮಾತು. ಬಸ್ಸಿನಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು. ನಾನೇ ಕೈ ಎತ್ತಿ ಹೇಳಿದೆ. ಮೈಕ್ ಹಿಡಿದಿದ್ದ ಮೇಡಂ "ಹೌದಲ್ವಾ, ಮುಂದಿನ ಸಲ ಸೇರಿಸ್ತೀವಿ" ಎಂದರು. ಒಳ್ಳೆಯವರು, ಕೋಪ ಮಾಡಿಕೊಳ್ಳಲಿಲ್ಲ.

ಬೇಲೂರು ತಲುಪಿದಾಗ ಹತ್ತೂಮುಕ್ಕಾಲು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಭಾನುವಾರದ ಜನ. 2023ರಲ್ಲಿ ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಅದರ ಸೆಲ್ಫಿಯೂ ನಡೆದಿತ್ತು. ಜಗಲಿಯ ಕಲ್ಲು ಆಗಲೇ ಬಿಸಿ. ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿ, ಇದು ಇಡೀ ವಿಮರ್ಶೆಯ ಅತಿ ಉಪಯೋಗದ ಮಾತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಚೆನ್ನಕೇಶವ ಗುಡಿ ವಿಷ್ಣುವರ್ಧನ ಕಟ್ಟಿಸಿದ್ದು, 1117ರಲ್ಲಿ ಪ್ರತಿಷ್ಠೆ ಆಯಿತು. ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು, ಅದಕ್ಕೇ ಉಗುರು, ಬಳೆ, ಬೆವರ ಹನಿಯಷ್ಟು ಸಣ್ಣ ಮಣಿ ಕೂಡ ಕೆತ್ತಲು ಆಗಿದೆ. ಮದನಿಕೆಯರು ಇರುವುದು ಮೇಲೆ, ಚಾವಣಿಯ ಅಂಚಿನ ಕೆಳಗೆ, ಕಂಬದ ತಲೆಯಿಂದ ಹೊರಕ್ಕೆ ಬಾಗಿ. ಒಟ್ಟು 42, ಹೊರಗೆ 38, ಒಳಗೆ ನಾಲ್ಕು. ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳ ಕೈಮೇಲೆ ಗಿಣಿ, ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ.

ಡಿವಿಜಿಯವರು ಇವರನ್ನು ನೋಡಿ ಹಾಡು ಬರೆದರು, ಪುಸ್ತಕ ಬಂದದ್ದು 1950ರಲ್ಲಿ. ಕಗ್ಗದ ಡಿವಿಜಿಯೇ. ಬದುಕು, ವಿಧಿ, ಬ್ರಹ್ಮ ಅಂತ ಗಂಭೀರವಾಗಿ ಕೂತಿದ್ದ ಅಜ್ಜ ಇಲ್ಲಿ ಮುಂಡಾಸು ಸ್ವಲ್ಪ ಓರೆ ಮಾಡಿಕೊಂಡ ಹಾಗಿದ್ದಾರೆ. ಅವರ ಲೆಕ್ಕದಲ್ಲಿ ಈ ಹೆಣ್ಣುಗಳೆಲ್ಲ ಚೆನ್ನಕೇಶವನ ಅಂತಃಪುರದವರು. ಒಬ್ಬೊಬ್ಬಳಿಗೂ ಒಂದು ಹೆಸರು ಇಟ್ಟಿದ್ದಾರೆ: ಮುಕುರಮುಗ್ಧೆ, ಶುಕಭಾಷಿಣಿ, ಕಪಿಕುಪಿತೆ. ಕೋತಿಯ ಮೇಲೆ ಕೋಪಗೊಂಡವಳಿಗೆ ಕಪಿಕುಪಿತೆ! ಹೆಸರಲ್ಲೇ ಅರ್ಧ ಕವಿತೆ ಮುಗಿಯಿತು. ಹಾಡುಗಳಿಗೆ ರಾಗ, ತಾಳ ಕೂಡ ಸೂಚಿಸಿದ್ದಾರೆ. ಅಂದರೆ ಇವು ಕಣ್ಣಲ್ಲಿ ಓದಲಿಕ್ಕೆ ಬರೆದವಲ್ಲ.

ಇಲ್ಲಿಂದ ಮುಖ್ಯ ವಿಷಯ. ಮೇಡಂ ಮೊದಲು ನಮ್ಮನ್ನೆಲ್ಲ ನೆರಳಲ್ಲಿ ಕೂರಿಸಿದರು. ಕನ್ನಡಿ ಹಿಡಿದವಳ ಹಾಡನ್ನು ಓದಿದರು. ಪದ ಪದಕ್ಕೂ ಅರ್ಥ. ಮುಕುರ ಅಂದರೆ ಕನ್ನಡಿ, ಮುಗ್ಧೆ ಅಂದರೆ ಇಂಥವಳು, ಈ ಸಾಲಿಗೆ ಈ ಭಾವ, ಆ ಸಾಲಿಗೆ ಆ ಅಲಂಕಾರ. ಇಪ್ಪತ್ತು ನಿಮಿಷ. ಆಮೇಲೆ ಎದ್ದು ಹೋಗಿ ಶಿಲ್ಪ ನೋಡಿದೆವು. ಏನಾಯಿತು ಗೊತ್ತಾ? ನಾವು ನೋಡಲೇ ಇಲ್ಲ. ಸಾಮಾನಿನ ಚೀಟಿ ಹಿಡಿದು ಅಂಗಡಿಗೆ ಹೋದವರ ಹಾಗೆ ಕವಿತೆಯಲ್ಲಿ ಹೇಳಿದ್ದು ಇದೆಯಾ ಇಲ್ಲವಾ ಅಂತ ಟಿಕ್ ಹಾಕುತ್ತಾ ಬಂದೆವು. ಕನ್ನಡಿ ಇದೆ, ಟಿಕ್. ನಡು ಬಳುಕಿದೆ, ಟಿಕ್. ನನ್ನ ಪಕ್ಕ ಇದ್ದ ಹುಡುಗನೊಬ್ಬ "ಓಕೆ, ನೆಕ್ಸ್ಟ್" ಅಂದೇಬಿಟ್ಟ. ಬೇಲೂರಿನಲ್ಲೇ ಬಹಳ ಹೆಸರು ಪಡೆದ ಶಿಲ್ಪದ ಮುಂದೆ ನಾಲ್ಕು ನಿಮಿಷವೂ ನಿಲ್ಲಲಿಲ್ಲ.

ಎರಡನೆಯದಕ್ಕೆ ಯೋಜನೆ ಕೆಟ್ಟಿತು. ಪುಣ್ಯಕ್ಕೆ ಕೆಟ್ಟಿತು. ಒಂದು ದೊಡ್ಡ ಸ್ಕೂಲು ಮಕ್ಕಳ ದಂಡು ಬಂದು ನೆರಳನ್ನೆಲ್ಲ ಆಕ್ರಮಿಸಿತು, ಕೂರಲು ಜಾಗ ಇಲ್ಲ, ಮೈಕು ಒಯ್ಯುವ ಹಾಗಿಲ್ಲ, ಅರ್ಥ ಹೇಳುವುದು ಸಾಧ್ಯವೇ ಇರಲಿಲ್ಲ. ಮದ್ದಳೆ ಹಿಡಿದು ಕುಣಿಯುತ್ತಿರುವವಳ ಕೆಳಗೆ ಸುಮ್ನೆ ನಿಂತೆವು. ಹತ್ತು ಹನ್ನೆರಡು ನಿಮಿಷ, ಮಾಡಲು ಬೇರೆ ಕೆಲಸ ಇಲ್ಲದೆ, ಕತ್ತೆತ್ತಿ ನೋಡಿದೆವು. ಆಗ ಒಂದೊಂದಾಗಿ ಕಾಣತೊಡಗಿತು. ಮೈಯ ಭಾರ ಒಂದು ಕಡೆಗೆ ಸರಿದಿರುವುದು. ಕೈ ವಾದ್ಯಕ್ಕೆ ಬಡಿಯುವ ಮುಂಚಿನದೋ ಬಡಿದ ಮೇಲಿನದೋ ಅಂತ ಗೊತ್ತಾಗದೆ ಇರುವುದು. ಮುಖದಲ್ಲಿ ನಗುವೂ ಅಲ್ಲದ, ನಿದ್ದೆಯೂ ಅಲ್ಲದ ಏನೋ ಒಂದು. ಅತ್ತೆ ಮೆಲ್ಲಗೆ "ಇವಳಿಗೆ ಯಾರ ಪರಿವೆಯೂ ಇಲ್ಲ ನೋಡೇ" ಎಂದರು.

ಆಗ ಹಾಡಲು ಬಂದಿದ್ದ ಹುಡುಗ ಶುರು ಮಾಡಿದ. ಕಾಲೇಜು ಓದುವ ವಯಸ್ಸು, ಶ್ರುತಿ ಫೋನಿನಲ್ಲಿ, ದನಿ ಜೋರಿಲ್ಲ. "ಏನೀ ಮಹಾನಂದವೇ ಓ ಭಾಮಿನಿ."

ನಾನು ಈ ಹಾಡನ್ನು ನೂರು ಸಲ ಕೇಳಿದ್ದೇನೆ. ನೃತ್ಯದ ಕಾರ್ಯಕ್ರಮ ಅಂದರೆ ಇದು ಇದ್ದೇ ಇರುತ್ತದೆ, ಎಷ್ಟೋ ಸಲ ಬೇಜಾರೂ ಬಂದಿದೆ. ಆದರೆ ಇದು ಪ್ರಶ್ನೆ ಅಂತ ನನಗೆ ಅವತ್ತೇ ಹೊಳೆದದ್ದು. ಏನಿದು ಇಷ್ಟೊಂದು ಆನಂದ, ಅಂತ ಅವಳನ್ನೇ ಕೇಳುತ್ತಿದ್ದಾರೆ ಡಿವಿಜಿ. ಅವಳ ಒಡವೆ ಹೀಗಿದೆ, ಕಣ್ಣು ಹೀಗಿದೆ ಅಂತ ನಮಗೆ ವರದಿ ಒಪ್ಪಿಸುತ್ತಿಲ್ಲ. ನಮ್ಮ ಕಡೆ ತಿರುಗಿಯೂ ನೋಡಿಲ್ಲ. ಕೇಳಿದ್ದು ಕಲ್ಲನ್ನು, ಕಲ್ಲು ಉತ್ತರ ಕೊಡುವುದಿಲ್ಲ, ಹಾಗಾಗಿ ಉತ್ತರಕ್ಕೆ ನಾವೇ ಅವಳ ಮುಖ, ಕೈ, ಹೆಜ್ಜೆ ಎಲ್ಲ ಹುಡುಕಬೇಕು. ಹುಡುಗ ಆ "ಏನೀ" ಅನ್ನುವುದನ್ನು ಮೂರು ಸಲ ಮೂರು ಥರ ಹಾಡಿದ. ಮೊದಲು ಬೆರಗಿನಿಂದ, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚಿನಿಂದ, ಕೊನೆಗೆ ಬೇಡಿಕೊಳ್ಳುವ ಹಾಗೆ. ಸ್ಕೂಲ್ ಮಕ್ಕಳು ಗಲಾಟೆ ನಿಲ್ಲಿಸಿ ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದವು. ಅತ್ತೆಯ ಬಲಗೈ ಸೊಂಟದ ಹತ್ತಿರ ತಾನಾಗಿ ಮುದ್ರೆ ಹಿಡಿದಿತ್ತು, ಅವರಿಗೇ ಗೊತ್ತಿರಲಿಲ್ಲ. ನಾನು ನೋಡಿದ್ದು ಗೊತ್ತಾದ ತಕ್ಷಣ ಸೆರಗು ಸರಿ ಮಾಡಿಕೊಂಡರು.

ಆಯೋಜಕರಿಗೆ ನನ್ನ ಒಂದೇ ಬೇಡಿಕೆ: ಮೊದಲು ನೋಡಲು ಬಿಡಿ, ಆಮೇಲೆ ಹಾಡಿಸಿ, ಅರ್ಥ ಹೇಳಲೇಬೇಕು ಅಂದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿ. ಯಾವ ಪದಕ್ಕೆ ಅರ್ಥ ಬೇಕು ಅಂತ ನಾವೇ ಕೇಳುತ್ತೇವೆ. ನಾನು ಇದನ್ನು ಮೇಡಂಗೆ ಹೇಳಿದೆ. ಆದರೂ ಮೂರನೆಯ ಶಿಲ್ಪಕ್ಕೆ ಮತ್ತೆ ನೆರಳು ಸಿಕ್ಕಿತು, ಮತ್ತೆ ಅರ್ಥ ಶುರುವಾಯಿತು. ಏನು ಮಾಡೋದು, ಪಾಠ ಹೇಳಿದ ಅಭ್ಯಾಸ.

ಗೈಡ್ ಬಗ್ಗೆ ಹೇಳಲೇಬೇಕು. ಬೇಲೂರಿನವರೇ, ಅರವತ್ತರ ಹತ್ತಿರ. ಕವಿತೆಯ ಸಹವಾಸವೇ ಬೇಡ ಅನ್ನುವ ಮನುಷ್ಯ, "ನಮ್ಮದು ಕಲ್ಲಿನ ಡಿಪಾರ್ಟ್‌ಮೆಂಟು" ಎಂದರು. ಆದರೆ ಕಣ್ಣನ್ನು ಎಲ್ಲಿ ಇಡಬೇಕು ಅಂತ ಅವರಿಗೆ ಗೊತ್ತಿತ್ತು. ಮದನಿಕೆಯ ತಲೆ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಲಸಿನ ಹಣ್ಣು, ಅದರ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ ತೋರಿಸಿದರು. ನಮ್ಮ ಗುಂಪಿನಲ್ಲಿ ಒಬ್ಬರ ಹತ್ತಿರ ಬೈನಾಕ್ಯುಲರ್ ಇತ್ತು, ಅದಕ್ಕೆ ಜಗಳ ಆಗುವುದೊಂದು ಬಾಕಿ. ದಯವಿಟ್ಟು ಒಂದು ಒಯ್ಯಿರಿ. ಪಾದಪೀಠದ ಮೇಲೆ ಶಿಲ್ಪಿಗಳ ಹೆಸರು ಇರುವುದನ್ನೂ ತೋರಿಸಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಬಿರುದುಗಳ ಜೊತೆ, ಬೇರೆ ರೂವಾರಿಗಳನ್ನು, ಅಂದರೆ ಶಿಲ್ಪಿಗಳನ್ನು, ಕೆಣಕುವ ಬಿರುದುಗಳು. ಪಕ್ಕದ ಕಂಬದವನಿಗಿಂತ ನಾನು ಮೇಲು ಅಂತ ಕಲ್ಲಿನಲ್ಲೇ ಬರೆದಿಟ್ಟು ಹೋಗಿದ್ದಾರೆ. ಡಿವಿಜಿ ಹಾಡು ಬರೆಯುವ ಎಂಟು ನೂರು ವರ್ಷ ಮುಂಚೆಯೇ ಈ ಹೆಣ್ಣುಗಳ ಕಾಲ ಕೆಳಗೆ ಅಕ್ಷರ ಸೇರಿತ್ತು ಅಂತಾಯಿತು.

ಒಳಗಿನ ನವರಂಗಕ್ಕೆ, ಅಂದರೆ ಗುಡಿಯ ಒಳಮಂಟಪಕ್ಕೆ, ಹೋದಾಗ ಕತ್ತಲು, ಟಾರ್ಚ್ ಬೆಳಕಲ್ಲಿ ಮೇಲಿನ ನಾಲ್ವರನ್ನು ನೋಡಿದೆವು. ಒಬ್ಬಳ ಕೈಬಳೆ ಕಲ್ಲಿನದೇ ಆದರೂ ಅಲುಗಾಡುತ್ತದೆ ಎಂದರು ಗೈಡ್. ಇಲ್ಲಿ ಹಾಡಲು ಆಗಲಿಲ್ಲ, ದರ್ಶನದ ಸಾಲು ತಳ್ಳುತ್ತಿತ್ತು. ನವರಂಗದ ಬಗ್ಗೆ ಪುಸ್ತಿಕೆಯಲ್ಲಿ ಒಂದು ಪುಟ ಇದೆ, ಚೆನ್ನಾಗಿದೆ.

ಊಟ: ಅನ್ನ, ಸಾರು, ಪಲ್ಯ, ಮಜ್ಜಿಗೆ. ಪಲ್ಯಕ್ಕೆ ಉಪ್ಪಿರಲಿಲ್ಲ. ಪಾಯಸ ಇದೆ ಎಂದಿದ್ದರು, ಕೊನೆಯ ಪಂಕ್ತಿಗೆ ಮುಗಿದಿತ್ತು, ನಾವು ಕೊನೆಯ ಪಂಕ್ತಿ.

ಊಟ ಆದ ಮೇಲೆ "ಈಗ ನಿಮ್ಮ ಕವಿತೆ". ಎಲ್ಲರಿಗೂ ಒಂದೊಂದು ಕಾರ್ಡ್, ಒಂದು ಪೆನ್ಸಿಲ್, ಇಪ್ಪತ್ತು ನಿಮಿಷ. ಈ ಭಾಗಕ್ಕೆ ನಾನು ಅಂಕ ಕೊಡುವುದಿಲ್ಲ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿದ್ದೆ. ಹೊಟ್ಟೆ ತುಂಬಿದೆ, ನಿದ್ದೆ ಎಳೆಯುತ್ತಿದೆ, ಎದುರಿಗೆ ಶಿಲ್ಪವೂ ಇಲ್ಲ, ಫೋನಿನ ಫೋಟೋ ನೋಡಿ ಬರೆಯಬೇಕು. ಓದಿದವರಲ್ಲಿ ಹೆಚ್ಚಿನವರದು ಒಂದೇ ಥರ: ಓ ಶಿಲಾಬಾಲಿಕೆಯೇ, ನಿನ್ನ ನಡು, ನಿನ್ನ ಜಡೆ, ನಿನ್ನ ನಗೆ. ನನ್ನದೂ ಹಾಗೇ ಇತ್ತು, ನಾಚಿಕೆ ಯಾಕೆ, ನಾನು "ಅಮರಶಿಲ್ಪಿಯ ಕುಸುರಿ" ಅಂತ ಕೂಡ ಬರೆದಿದ್ದೆ. ಫೋಟೋದಲ್ಲಿ ಕಾಣುವುದನ್ನೇ ಮತ್ತೆ ಮಾತಿನಲ್ಲಿ ಹೇಳಿದರೆ ಫೋಟೋ ಸಾಕಲ್ಲ. ಬೊಪ್ಪಣ ವಾದ ಮಾಡಿದ. ಡಿವಿಜಿ ಪ್ರಶ್ನೆ ಕೇಳಿ ಕೀಟಲೆ ಮಾಡಿದರು. ಕುವೆಂಪು ಸೋಮನಾಥಪುರದ ಬಾಗಿಲಲ್ಲಿ ನಿಂತು, ಕೈಮುಗಿದು ಒಳಗೆ ಬಾ ಅಂತ ಯಾತ್ರಿಕನಿಗೇ ತಾಕೀತು ಮಾಡಿದರು. ಮೂರೂ ಜನ ಶಿಲ್ಪದ ಎದುರು ಏನೋ ಒಂದು ಮಾಡಿದ್ದಾರೆ. ನಾವು ಕೂತು ಪಟ್ಟಿ ಬರೆದೆವು. ಇದನ್ನು ಮೇಡಂ ಒಂದೇ ಒಂದು ಮಾತಲ್ಲಿ ಮೊದಲೇ ಹೇಳಬಹುದಿತ್ತು: ವರ್ಣಿಸಬೇಡಿ, ಅವಳ ಹತ್ತಿರ ಮಾತಾಡಿ, ಅಂತ.

ಅತ್ತೆ ಓದಲು ಒಪ್ಪಲಿಲ್ಲ. "ನಂಗೆ ಕವಿತೆ ಗಿವಿತೆ ಬರಲ್ಲಪ್ಪ" ಎಂದು ಕಾರ್ಡನ್ನು ಮಡಚಿ ಡಬ್ಬಿಗೆ ಹಾಕಿಬಿಟ್ಟರು.

ಹಳೇಬೀಡು ಬರೀ 16 ಕಿಲೋಮೀಟರು. "ಸಮಯ ಸಿಕ್ಕರೆ" ಎಂದು ಪೋಸ್ಟರಿನಲ್ಲಿ ಇತ್ತು. ಸಿಗಲಿಲ್ಲ. ಬೆಳಗ್ಗೆ ಕಳೆದ ಐವತ್ತು ನಿಮಿಷ, ಕನ್ನಡಿಯವಳ ಅರ್ಥದ ಇಪ್ಪತ್ತು ನಿಮಿಷ, ಲೆಕ್ಕ ನೀವೇ ಹಾಕಿ. ಬೆಂಗಳೂರು ಮುಟ್ಟಿದಾಗ ರಾತ್ರಿ ಹನ್ನೊಂದು. ಕೊನೆಯ ಮೆಟ್ರೋ ಹೋಗಿತ್ತೋ ಇತ್ತೋ ಅಂತ ಓಡಲು ಅತ್ತೆಗೆ ಆಗದೆ ಆಟೋಗೆ ನಾನೂರು ಕೊಟ್ಟೆವು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಹೋಗಬೇಕಾ? ಅಂತಃಪುರ ಗೀತೆಯ ಪುಸ್ತಕ ಮನೆಯಲ್ಲಿದ್ದು, ಹಾಡಲು ಬರುವ ಒಬ್ಬ ಸ್ನೇಹಿತೆ ಇದ್ದರೆ, ನೀವೇ ಒಂದು ಕಾರು ಮಾಡಿಕೊಂಡು ಹೋಗಿ, ಭಾನುವಾರ ಬಿಟ್ಟು ಬೇರೆ ದಿನ, ಬೆಳಗ್ಗೆ ಬೇಗ. ಅಲ್ಲೇ ಒಬ್ಬ ಗೈಡ್ ಹಿಡಿಯಿರಿ. ಮೂರೇ ಮದನಿಕೆಯರನ್ನು ಆರಿಸಿಕೊಳ್ಳಿ, 38ಕ್ಕೂ ಕತ್ತು ಎತ್ತಲು ಹೋಗಬೇಡಿ. ಹಾಡುವವರು ಯಾರೂ ಇಲ್ಲ ಅಂದರೆ ಈ ತಂಡದ ಜೊತೆ ಹೋಗಿ, ಆ ಹುಡುಗ ಬರುತ್ತಾನಾ ಅಂತ ಮೊದಲೇ ಕೇಳಿ. ಅವನಿಲ್ಲದಿದ್ದರೆ ನನ್ನ ಮೂರೂವರೆಯನ್ನು ಒಂದೂವರೆ ಅಂತ ಓದಿಕೊಳ್ಳಿ. ಮುಂದಿನ ಪ್ರವಾಸ ಸೋಮನಾಥಪುರಕ್ಕಂತೆ, ಕುವೆಂಪು ಕವಿತೆಯ ಜೊತೆ. ಆ ಗುಡಿಯಲ್ಲಿ ಶಿಲ್ಪಗಳು ಕಣ್ಣಿನ ಮಟ್ಟದಲ್ಲೇ ಜಾಸ್ತಿ, ಕತ್ತಿಗೆ ಸುಖ. ಅತ್ತೆ ಆಗಲೇ ಹೆಸರು ಕೊಟ್ಟಿದ್ದಾರೆ.

ಇನ್ನೊಂದು ಬಾಕಿ ಇದೆ. ಕಾರ್ಡುಗಳನ್ನೆಲ್ಲ ಒಂದು ವಾರದಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕುತ್ತೇವೆ, ಕಾರ್ಡನ್ನು ಪೋಸ್ಟ್ ಮಾಡುತ್ತೇವೆ ಎಂದಿದ್ದರು. ಐದು ವಾರ ಆಯಿತು. ಎರಡು ಸಲ ಮೆಸೇಜ್ ಮಾಡಿದ ಮೇಲೆ ಒಂದೇ ಒಂದು ಫೋಟೋ ಬಂತು, ಮಸುಕಾಗಿ, ಅದೂ ಅತ್ತೆಯದೇ. ಪೆನ್ಸಿಲ್ಲಿನಲ್ಲಿ, ಅವರ ದುಂಡು ಅಕ್ಷರದಲ್ಲಿ:

"ನಿನ್ನ ನೋಡಿ ನೋಡಿ ನನ್ನ ಕತ್ತು ಹಿಡೀತು.
ಒಂಬೈನೂರು ವರ್ಷದಿಂದ ಬಗ್ಗಿ ನೋಡ್ತಿದ್ದೀಯಲ್ಲ,
ನಿಂದು ನೋಯಲ್ವೇನೇ?"

ಆ ಕಾರ್ಡ್ ನಮಗೆ ವಾಪಸ್ ಬೇಕು. ಅಂಚೆ ಖರ್ಚು ನಾವೇ ಕೊಡುತ್ತೇವೆ.